ಕುಳ್ಳಣ್ಣ ಕಲಿತ ಕೆಲಸ

"ಇಲ್ಲಿ ಹಿಡ್ಕೊಂಡು ಹೀಗೆ ತಿರುಗಿಸ್ಬೇಕು. ಜಾಸ್ತಿ ಬೇಡ, ದಿನಾ ಸ್ವಲ್ಪ ಸ್ವಲ್ಪ," ಎಂದು ಡಾಕ್ಟರು ಪುಟ್ಟ ಸ್ಪ್ಯಾನರೊಂದನ್ನು ಅಪ್ಪನ ಕೈಗಿತ್ತರು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಕಾಲಿನ ಮೂಳೆ ಇತ್ತು. ಅದರ ಸುತ್ತ ಉಕ್ಕಿನ ಬಳೆಗಳು, ಬಳೆಯಿಂದ ಬಳೆಗೆ ತಿರುಪು ಸರಳುಗಳು. ಮಗನ ಕಾಲಿನ ಆಪರೇಷನ್ ಆದಮೇಲೆ ಮನೆಯಲ್ಲಿ ದಿನಾ ತಿರುಪು ತಿರುಗಿಸುವವರು ಒಬ್ಬರು ಬೇಕು, ಅವರನ್ನು ಕರೆತನ್ನಿ ಎಂದು ಆಸ್ಪತ್ರೆಯವರು ಅವನಿಗೆ ಮೊದಲೇ ಹೇಳಿದ್ದರು. ಸ್ಪ್ಯಾನರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಪ್ಪ ಅಂಗಡಿಗೆ ಬೀಗ ಜಡಿದು ಹೊರಟುಬಿಟ್ಟಿದ್ದ.

ಅಪ್ಪ ಹೊಲಿಗೆ ಮೆಷಿನ್ ರಿಪೇರಿಯವನು. ಮೋಟು ಮನುಷ್ಯ. ಊರೆಲ್ಲ ಕುಳ್ಳಣ್ಣ ಎಂದು ಕರೆದರೆ, ಬೇರೆಯವರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಇವನು ಅದನ್ನೇ ಬೋರ್ಡಿಗೆ ಬರೆಸಿ, ದೂರದಿಂದಲೂ ಕಾಣಲಿ ಎಂದು ಕೆಂಪು ಬಣ್ಣ ಹೊಡೆಸಿ ನೇತುಹಾಕಿದ್ದ. ಮಗ ಮಾತ್ರ ಆಫೀಸಿನ ಗೆಳೆಯರು ಜೊತೆಗಿದ್ದರೆ ಆ ಬೀದಿಯನ್ನೇ ಬಿಟ್ಟು ಸುತ್ತುಬಳಸಿ ಹೋಗುತ್ತಿದ್ದ. ಇವತ್ತು ಲಿಫ್ಟಿನಲ್ಲಿ ಮೇಲೆ ಬರುವಾಗಲೂ ಅಷ್ಟೇ. ಉದ್ದನೆಯ ಆಸಾಮಿಯೊಬ್ಬನನ್ನು ಕತ್ತೆತ್ತಿ ನೋಡಿ ಅಪ್ಪ, "ಮೇಲೆ ಗಾಳಿ ಹೆಂಗಿದೆ ಸ್ವಾಮಿ?" ಎಂದು ಕೇಳಿಬಿಟ್ಟಿದ್ದ. ಲಿಫ್ಟಿನಲ್ಲಿದ್ದವರೆಲ್ಲ ನಕ್ಕರು. ಮಗ ಎಂದಿನಂತೆ ನೆಲ ನೋಡುತ್ತ ನಿಂತಿದ್ದ. ಲಿಫ್ಟಿನಲ್ಲಿ ಕತ್ತೆತ್ತಿದರೆ ಅವನಿಗೆ ಕಾಣುವುದು ಬರೀ ಬೇರೆಯವರ ಭುಜ.

ಈಗ ಅಪ್ಪ ಕನ್ನಡಕ ಸರಿಮಾಡಿಕೊಂಡು ತಿರುಪನ್ನು ತಿರುಗಿಸಿದ. "ಥ್ರೆಡ್ಡು ನಯವಾಗಿದೆ ಡಾಕ್ಟ್ರೇ. ಒಂದು ಹನಿ ಎಣ್ಣೆ ಬಿಟ್ರೆ ಇನ್ನೂ ಸಲೀಸು."

ಡಾಕ್ಟರಿಗೆ ನಗು ಬಂತು. "ಎಣ್ಣೆಗಿಣ್ಣೆ ಬಿಟ್ಟೀರಿ ಮತ್ತೆ! ನಾವು ಮೂಳೆ ಕತ್ತರಿಸಿರ್ತೀವಿ. ನೀವು ತಿರುಗಿಸಿದ ಹಾಗೆಲ್ಲ ಆ ಸಂದು ಹಿಗ್ಗುತ್ತೆ, ಮಧ್ಯೆ ಹೊಸ ಮೂಳೆ ತುಂಬ್ಕೊಳ್ಳುತ್ತೆ. ನೋವಿರುತ್ತೆ, ಹುಡುಗ ಕೂಗ್ಬಹುದು. ನೀವು ಮನಸ್ಸು ಗಟ್ಟಿ ಮಾಡ್ಕೋಬೇಕು."

"ಆಗ್ಲಿ, ಕೂಗ್ಲಿ ಬಿಡಿ. ಈಗ ಪಡ್ತಿರೋ ನೋವು ಅದ್ರಿಂದ ಪೂರ್ತಿ ಹೋಗುತ್ತಲ್ಲ?"

"ಈಗ ಯಾವ ನೋವು?" ಡಾಕ್ಟರು ಮಗನ ಮುಖ ನೋಡಿದರು. "ಇವರ ಕಾಲಿಗೆ ಏನೂ ಆಗಿಲ್ಲ, ಕಲ್ಲಿನಂಥ ಮೂಳೆ. ಇದು ಎತ್ತರ ಆಗೋಕೆ ಮಾಡಿಸ್ಕೊಳ್ಳೋದು. ನಿಮಗೆ ಹೇಳಿಲ್ವಾ?"

ಮಗನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೂಳೆ ಸವೆದಿದೆ, ಅದಕ್ಕೇ ನೋವು ಎಂದು ಅವನು ಮನೆಯಲ್ಲಿ ಸುಳ್ಳು ಹೇಳಿದ್ದ. ಆಫೀಸಿನ ಗುಂಪು ಫೋಟೋಕ್ಕೆ ನಿಂತಾಗ ಯಾರೋ "ಇವನಿಗೊಂದು ಸ್ಟೂಲ್ ತನ್ರೋ" ಎಂದದ್ದು, ಅವನು ಮನಸ್ಸಿಟ್ಟಿದ್ದ ಹುಡುಗಿಯೇ ಎಲ್ಲರಿಗಿಂತ ಜೋರಾಗಿ ನಕ್ಕದ್ದು, ಇವನ್ನೆಲ್ಲ ಅಪ್ಪನಿಗೆ ಯಾವ ಬಾಯಲ್ಲಿ ಹೇಳುವುದು? ನೋವು ಎಂದು ಮಗ ಹೇಳಿದಂದಿನಿಂದ ಅಪ್ಪ ಪ್ರತಿ ಸಂಜೆ ಅಂಗಡಿಯಿಂದ ಬಂದವನೇ ಕೈಯ ಗ್ರೀಸು ಉಜ್ಜಿ ತೊಳೆದು, ಮಗನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೀವುತ್ತಿದ್ದ. "ಇಲ್ಲೇನೋ? ಇಲ್ಲಿ?" ಎಂದು ಕೇಳುತ್ತಿದ್ದ. ಮಗ ಸುಮ್ಮನೆ ಒಂದು ಜಾಗ ತೋರಿಸುತ್ತಿದ್ದ. ಆ ನೆನಪಿಗೇ ಅವನ ಕಿವಿ ಬಿಸಿಯಾಯಿತು.

ಅಪ್ಪ ಪ್ಲಾಸ್ಟಿಕ್ ಮೂಳೆಯನ್ನೇ ನೋಡುತ್ತಿದ್ದ. ಆಮೇಲೆ, "ಹಂಗಾ," ಎಂದ.

ಡಾಕ್ಟರು ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದರು, "ನಿಮ್ಮ ಮನೇಲಿ ಎಲ್ಲರೂ ಇಷ್ಟೇ ಎತ್ತರನಾ?"

"ಇಲ್ಲ ಡಾಕ್ಟ್ರೇ, ಅವರಮ್ಮ ಎತ್ತರವೇ. ತಪ್ಪೆಲ್ಲ ನಂದೇ." ನಗಿಸಲೆಂದೇ ಅವನು ಹಾಗೆಂದದ್ದು. ಆದರೆ ಯಾರೂ ನಗಲಿಲ್ಲ, ಅವನಿಗೂ ನಗಲಾಗಲಿಲ್ಲ. ಮತ್ತೆ ಸ್ಪ್ಯಾನರ್ ಹಿಡಿದು, "ಇನ್ನೊಂದ್ಸಲ ತೋರಿಸ್ಕೊಡಿ," ಎಂದ. ಸೂಜಿಯ ಕಣ್ಣಿಗೆ ಒಂದೇ ಏಟಿಗೆ ದಾರ ಪೋಣಿಸುವ ಕೈ, ಈ ಸಲ ತಿರುಪಿನಿಂದ ಜಾರಿತು.

ಹೊರಗೆ ಕಾರಿಡಾರಿನಲ್ಲಿ ಮಗ ಹೇಗೋ ಬಾಯಿಬಿಟ್ಟ. "ಅಪ್ಪಾ, ನಾನಿನ್ನೂ ಏನೂ ತೀರ್ಮಾನ ಮಾಡಿಲ್ಲ. ಸುಮ್ನೆ ವಿಚಾರಿಸೋಣ ಅಂತ…"

"ಮಾಡಿಸ್ಕೋ. ನಾನೇ ತಿರುಗಿಸ್ತೀನಿ. ಬೇರೆಯವರಾದ್ರೆ ಒರಟಾಗಿ ಮಾಡ್ತಾರೆ." ನಾಲ್ಕು ಹೆಜ್ಜೆ ಹಾಕಿ ಅಪ್ಪ ನಿಂತ. "ಅಲ್ವೋ, ಆ ಬೋರ್ಡಿಂದ ನಿಂಗೆ ಮುಜುಗರ ಆಗ್ತಿತ್ತಾ? ಒಂದು ಮಾತು ಹೇಳಿದ್ರೆ ತೆಗೆಸ್ತಿದ್ನಲ್ಲೋ."

ಛೆ, ಹಾಗೇನಿಲ್ಲ ಎನ್ನಬೇಕೆಂದು ಮಗನಿಗೆ ತುಂಬ ಅನ್ನಿಸಿತು. ಅಷ್ಟರಲ್ಲಿ ಲಿಫ್ಟ್ ಬಂತು.

ಒಳಗೆ ಆಗಲೇ ಜನ ತುಂಬಿದ್ದರು. ಬರುವಾಗ ಸಿಕ್ಕಿದ್ದ ಉದ್ದನೆಯ ಆಸಾಮಿಯೂ ಇದ್ದ; ಅಪ್ಪನನ್ನು ಕಂಡು, ಇನ್ನೊಂದು ತಮಾಷೆ ಬರುತ್ತದೆ ಎಂಬಂತೆ ಮುಖ ಅರಳಿಸಿದ. ಅಪ್ಪ ಅವನತ್ತ ತಿರುಗಲಿಲ್ಲ, ಬಾಗಿಲಿಗೆ ಮುಖಮಾಡಿ ನಿಂತ. ಮಗ ಅಭ್ಯಾಸಬಲದಿಂದ ಕಣ್ಣು ಕೆಳಗೆ ಹಾಕಿದ.

ಅಪ್ಪನ ಹಿಮ್ಮಡಿಗಳೆರಡೂ ಚಪ್ಪಲಿಯಿಂದ ಮೇಲೆದ್ದಿದ್ದವು. ತುದಿಗಾಲಲ್ಲಿ ನಿಂತು ರೂಢಿಯಿಲ್ಲದೆ ಸಣ್ಣಗೆ ನಡುಗುತ್ತಿದ್ದವು.