ನಿಪ್ಪಟ್ಟಿನ ಪರೀಕ್ಷೆ

ಎಲ್ಲರ ಕಣ್ಣೊಳಗೂ ಸ್ಕ್ರೀನು ಬಂದ ಮೇಲೆ ಹೆಣ್ಣು ನೋಡಲು ಬಂದವರು ಜಾತಕ ಕೇಳುವುದಿಲ್ಲ, ಸ್ಕ್ರೀನಿನ ಅಗಲ-ಎತ್ತರದ ಅನುಪಾತ ಕೇಳುತ್ತಾರೆ. "ನಮ್ಮ ಇಂದುಧರಂದು ಹದಿನಾರಕ್ಕೆ ಒಂಬತ್ತು, ಅಗಲ ನೋಟ," ಎಂದು ವರನ ತಾಯಿ ಜಂಬ ಕೊಚ್ಚಿಕೊಂಡರು.

ಇಂದುಧರ ಜಲಜಾಕ್ಷಿಯನ್ನು ನೋಡಿ, "ಹುಡುಗಿ ಸ್ವಲ್ಪ ದಪ್ಪ ಆಯ್ತು," ಎಂದ.

ಕಡ್ಡಿಯಂತಿದ್ದ ಜಲಜಾಕ್ಷಿಗೆ ಮೈಯೆಲ್ಲ ಉರಿಯಿತು. ಜೊತೆಗೆ ಅನುಮಾನವೂ ಬಂತು. ತಿಂಡಿ ತಟ್ಟೆಯಿಂದ ದುಂಡನೆಯ ನಿಪ್ಪಟ್ಟೊಂದನ್ನು ಎತ್ತಿ ಹಿಡಿದು, "ಇದು ಯಾವ ಆಕಾರ ಹೇಳಿ?" ಎಂದಳು.

"ಮೊಟ್ಟೆ ಥರ. ಅಡ್ಡಡ್ಡ ಇದೆ."

ವರನ ತಾಯಿ ಇಂಗು ತಿಂದ ಮಂಗನಂತಾದರು. "ಇವನ ಚಿತ್ರ ನಿಜವಾಗಿ ಹಳೇ ನಾಲ್ಕಕ್ಕೆ ಮೂರು ಕಣಮ್ಮಾ. ಎರಡೂ ಪಕ್ಕ ಕಪ್ಪು ಪಟ್ಟಿ ಬರತ್ತೆ ಅಂತ ಮೊನ್ನೆ ತಾನೇ ಅದನ್ನ ಅಡ್ಡಕ್ಕೆ ಎಳೆಸಿ ಅಗಲ ಮಾಡಿಸಿದ್ವಿ."

ಜಲಜಾಕ್ಷಿ ಅಡುಗೆಮನೆಯತ್ತ ತಿರುಗಿ ಕೂಗಿದಳು: "ಅಮ್ಮಾ, ಇವರಿಗೆ ಕೇಸರಿಬಾತು ಒಂದೇ ಚಮಚ ಹಾಕು. ಅವರ ಕಣ್ಣಿಗೆ ಅದೇ ಜಾಸ್ತಿ ಕಾಣತ್ತೆ!"