ಗಣಿತದ ದಿನದ ಜ್ವರ

ಹತ್ತನೇ ತರಗತಿಯ ಗಣಿತ ಪರೀಕ್ಷೆಯ ಬೆಳಿಗ್ಗೆ. ವರ್ಷವೆಲ್ಲ ಗಣಿತದಲ್ಲಿ ಫೇಲಾಗುತ್ತ ಬಂದಿದ್ದ ಹುಡುಗಿಯನ್ನು ಶಾಲೆಯ ಗೇಟಿನಲ್ಲೇ ನಿಲ್ಲಿಸಿ, ಗಣಿತದ ಅಕ್ಕೋರು ಅವಳ ಹಣೆ ಮುಟ್ಟಿ ನೋಡಿದರು.

"ಅಯ್ಯ, ಮೈ ಕೆಂಡ ಆಗೇತಲ್ಲ!"

"ಬರೀ ನೆಗಡಿರಿ ಅಕ್ಕೋರ. ಪ್ರಮೇಯ ಎಲ್ಲಾ ಬಾಯಿಪಾಠ ಮಾಡೀನ್ರಿ, ಬರೀತೀನಿ."

"ತಲಿ ತಿರುಗಿ ಬಿದ್ರ? ಪೂರಕ ಪರೀಕ್ಷೆ ಐತಲ್ಲ, ಆರಾಮಾಗಿ ಬರಿಯಂತಿ."

"ಈ ಸಲಾನ ಪಾಸಾಗಬೇಕ್ರಿ. ಇಲ್ಲಂದ್ರ ಅಪ್ಪ ಸಾಲಿ ಬಿಡಿಸಿ ಇಟ್ಟಂಗಿ ಭಟ್ಟಿಗೆ ಕಳಸ್ತಾನ್ರಿ."

"ಅಪ್ಪಗ ನಾ ಹೇಳ್ತೀನಿ. ಹತ್ತು ಗಾಡಿ."

ಹುಡುಗಿ ಅಳುತ್ತಲೇ ಸ್ಕೂಟರ್ ಹತ್ತಿದಳು. ಹುಡುಗಿಯ ಮನೆಯಲ್ಲಿ ಅಕ್ಕೋರು ತಾವೇ ಹಾಸಿಗೆ ಬಿಡಿಸಿ ಅವಳನ್ನು ಮಲಗಿಸಿದರು, ಹಣೆಗೆ ಒದ್ದೆ ಬಟ್ಟೆ ಇಟ್ಟರು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಡದಾಕಿ ನನಗ ಗೊತ್ತಾಗಲಿಲ್ಲ. ನಿಮ್ಮ ಕೈಗೆ ಗೊತ್ತಾತು ನೋಡ್ರಿ. ದೇವ್ರು ನಿಮ್ಮನ್ನ ಚೊಲೊ ಇಟ್ಟಿರಲಿ."

ಅಕ್ಕೋರು ಮರಳುವಷ್ಟರಲ್ಲಿ ಪರೀಕ್ಷೆ ಶುರುವಾಗಿ ಗೇಟು ಮುಚ್ಚಿತ್ತು. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮಾಸ್ತರು ಒಬ್ಬರೇ ಕೂತಿದ್ದರು.

"ಹೋದಳಾ ಮನಿಗೆ?"

"ಮಲಗಿಸೇ ಬಂದೆ. ಗೈರಾದವರನ್ನ ಫಲಿತಾಂಶದ ಲೆಕ್ಕಕ್ಕ ಹಿಡಿಯಂಗಿಲ್ಲ. ಗಣಿತ ವಿಭಾಗ ಈ ವರ್ಷ ನೂರಕ್ಕ ನೂರು, ಬೇಕಾದ್ರ ಬರದಿಟ್ಕೋರಿ."

ಮಾಸ್ತರು ತಮ್ಮ ಚಹಾದ ಕಪ್ಪನ್ನು ಅವರ ಮುಂದೆ ಸರಿಸಿದರು.

"ನಾಡಿದ್ದು ನಂದು ವಿಜ್ಞಾನ ಐತ್ರಿ ಅಕ್ಕೋರ. ಅಲ್ಲೀತನಕ ಆಕಿ ಜ್ವರ ಇಳಿಯಲಾರದಂಗ ನೋಡ್ಕೋರಿ."