ವಿತ್ ಬೇಕಾದ ಜಾಗ

ಬೇಕರಿ ಶಂಭುಲಿಂಗನಿಗೆ ಇಂಗ್ಲಿಷಿನಲ್ಲಿ ಸಿಕ್ಕಿದ್ದಕ್ಕೆಲ್ಲ 'ವಿತ್' ಅಂಟಿಸುವ ಚಟ. ದಿನವಿಡೀ ಬನ್ನಿನ ಜೊತೆ ಬೆಣ್ಣೆ ಮಾರುವವನಿಗೆ 'ಜೊತೆ' ಬಿಟ್ಟು ಮಾತೇ ಬರುತ್ತಿರಲಿಲ್ಲ. ಸಂಜೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಮೇಡಂ ತಿದ್ದಿ ತಿದ್ದಿ ಸೋತಿದ್ದರು. ಅವನು ಸೇರಿದ್ದು ಇಂಗ್ಲಿಷಿಗಲ್ಲ, ಮೇಡಂಗಾಗಿ ಎಂಬುದು ಅವರೊಬ್ಬರನ್ನು ಬಿಟ್ಟು ಇಡೀ ಕ್ಲಾಸಿಗೆ ಗೊತ್ತಿತ್ತು.

ಕೊನೆಯ ದಿನ ಎಲ್ಲರೂ ತಮ್ಮ ಮನಸ್ಸಿನ ಆಸೆಯನ್ನು ಒಂದೇ ವಾಕ್ಯದಲ್ಲಿ ಹೇಳಬೇಕಿತ್ತು. ಒಬ್ಬರು ಕಾರು ಕೊಳ್ಳಬೇಕೆಂದರು, ಇನ್ನೊಬ್ಬರು ಕಾಶಿಗೆ ಹೋಗಬೇಕೆಂದರು. ಶಂಭುಲಿಂಗ ಎದ್ದು ನಿಂತ. ಕಿವಿ ಕೆಂಪಾಗಿತ್ತು.

"ಮೇಡಂ, ಐ ವಾಂಟ್ ಟು ಮ್ಯಾರಿ ವಿತ್ ಯೂ."

ಇಡೀ ಕ್ಲಾಸು ಮೇಡಂ ಕಡೆ ತಿರುಗಿತು.

"ಮತ್ತೆ ಅದೇ ತಪ್ಪು!" ಮೇಡಂ ಡಸ್ಟರಿನಿಂದ ಮೇಜು ಕುಟ್ಟಿದರು. "ಕನ್ನಡದಲ್ಲಿ ಒಬ್ಬರ ಜೊತೆ ಮದುವೆ ಆಗ್ತೀವಿ, ನಿಜ. ಇಂಗ್ಲಿಷಲ್ಲಿ 'ಮ್ಯಾರಿ' ಪಕ್ಕ 'ವಿತ್' ಬರಲ್ಲ. ತೆಗೆದು ಹೇಳಿ."

"ಐ ವಾಂಟ್ ಟು ಮ್ಯಾರಿ ಯೂ."

"ಈಗ ಸರಿಯಾಯ್ತು. ಕೂತ್ಕೊಳ್ಳಿ. ಮುಂದಿನವರು?"

ಶಂಭುಲಿಂಗ ಅವಸರಕ್ಕೆ ಒಲೆಯಿಂದ ತೆಗೆದ ಕೇಕಿನಂತೆ ಕುಸಿದು ಕೂತ. ಕ್ಲಾಸು ಬಿಟ್ಟಿದ್ದೇ ತಡ, ಚಪ್ಪಲಿ ಮೆಟ್ಟಿ ಹೊರಟವನನ್ನು ಮೇಡಂ ಬಾಗಿಲಲ್ಲೇ ತಡೆದರು.

"ಎಲ್ಲಿಗೆ ಓಡ್ತೀರಿ? 'ವಿತ್' ಎಲ್ಲಿ ಬೇಡ ಅಂತಷ್ಟೇ ಹೇಳಿದೆ. ಎಲ್ಲಿ ಬೇಕು ಅಂತ ಇನ್ನೂ ಹೇಳಿಕೊಟ್ಟಿಲ್ಲ."

"ಎಲ್ಲಿ ಬೇಕು ಮೇಡಂ?"

ಅವರು ಕೈಯ ಸೀಮೆಸುಣ್ಣವನ್ನು ಸೆರಗಿಗೆ ಒರೆಸಿಕೊಂಡರು.

"ನಮ್ಮಮ್ಮ ಮನೇಲೇ ಇದ್ದಾರೆ. ಕಮ್ ವಿತ್ ಮೀ."